ಅಂಗಾಲಿಗೆ ಬಳಿದ ವಿಭೂತಿ

ನಿಟ್ಟೂರು
14 ಏಪ್ರಿಲ್ 2025

ತುಮಕೂರಿನಲ್ಲಿ ಆರಾಮಾಗಿರುವ ನಿವೃತ್ತ ಶಿರಸ್ತೇದಾರರಾದ ಶಿವರಾಮಯ್ಯನವರ ಸನ್ನಿಧಾನಕ್ಕೆ, ಅವರ ಒಬ್ಬಳೇ ತಂಗಿ ಬರೆದುಕೊಳ್ಳುವ ಅರ್ಜಿ.

ಅಣ್ಣ, ನಿನ್ನ ಫೋನು ನಾನು ಎತ್ತುವುದಿಲ್ಲ ಅಂತ ನನ್ನ ಮಗಳು ರೂಪಶ್ರೀ ಹತ್ತಿರ ದೂರು ಹೇಳಿದೆಯಂತೆ. ಎತ್ತುವುದಿಲ್ಲ, ನಿಜ. ಚನ್ನೇಶನ ಫೋನು ಇನ್ನೂ ಪೊಲೀಸರ ಹತ್ತಿರವೇ ಇದೆ, ನನ್ನ ಫೋನಿಗೆ ಯಾರು ಕಿವಿ ಇಟ್ಟಿದ್ದಾರೋ ಗೊತ್ತಿಲ್ಲ. ಅದೂ ಅಲ್ಲದೆ ಫೋನಿನಲ್ಲಿ ನೀನು "ನೋಡಮ್ಮಾ, ನೋಡಮ್ಮಾ" ಅಂತ ಎರಡು ಸಲ ಅಂದು ಮುಗಿಸಿಬಿಡುತ್ತೀಯ. ಆಮೇಲೆ ಏನು ಹೇಳಿದೆ ಅಂತ ನಿನಗೂ ನೆನಪಿರುವುದಿಲ್ಲ. ಮೂವತ್ತಾರು ವರ್ಷ ಕಾಗದದಲ್ಲಿ ಬದುಕಿದವನು ನೀನು, ಕಾಗದದಲ್ಲೇ ಮಾತಾಡು.

ಪೊಲೀಸ್ ಇಲಾಖೆಯವರೇ ತಮ್ಮವರ ಮೇಲೆ ನಡೆಸಿದ ವಿಚಾರಣೆ ಮುಗಿಯಿತಂತೆ. ಯಾರದೂ ತಪ್ಪಿಲ್ಲವಂತೆ. ನನ್ನ ಮಗ ಚನ್ನೇಶನಿಗೆ ಇಪ್ಪತ್ತಾರು ವರ್ಷ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ದಿನಕ್ಕೆ ಎಷ್ಟು ಮೋಟರು ಎತ್ತಿ ಇಳಿಸುತ್ತಿದ್ದ ಅಂತ ನಿನಗೇ ಗೊತ್ತು. ಫೆಬ್ರವರಿ ಹದಿನೆಂಟಕ್ಕೆ ಕುಣಿಗಲ್‌ನಲ್ಲಿ ರೂಪಶ್ರೀ ಮನೆಯಲ್ಲಿ ಊಟಕ್ಕೆ ಕೂತಿದ್ದವನನ್ನು "ತಾಮ್ರದ ತಂತಿ ಕಳುವಿನ ವಿಷ್ಯ, ಒಂದ್ ಮಾತ್ ಕೇಳಿ ಕಳಿಸ್ತೀವಿ ಬಾರಪ್ಪ" ಅಂತ ಎಬ್ಬಿಸಿಕೊಂಡು ಹೋದರು. ಇಪ್ಪತ್ತನೇ ತಾರೀಕು ಬೆಳಿಗ್ಗೆ ಎದೆನೋವು ಬಂತಂತೆ. ಬಚ್ಚಲಲ್ಲಿ ಜಾರಿದನಂತೆ. ಊಟ ಬಿಟ್ಟು ನಿಶ್ಶಕ್ತನಾಗಿದ್ದನಂತೆ. ಸಾವಿಗೆ ಒಂದು ಕಾರಣ ಸಾಲದೆ ಮೂರು ಇಟ್ಟುಕೊಂಡಿದ್ದಾರೆ. ಆ ಎರಡು ದಿನ ಠಾಣೆಯ ಕ್ಯಾಮೆರಾ ಕೆಟ್ಟಿತ್ತಂತೆ. ಪಾಪ, ಅದಕ್ಕೂ ಎದೆನೋವು ಬಂದಿರಬೇಕು.

ಆ ಠಾಣೆಯ ಹೆಸರನ್ನು ನಾನು ಬರೆಯುವುದಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಬರೆಸುವ ಕೈ ಇದು.

ನಿನ್ನನ್ನು ಕೇಳುವುದು ಒಂದೇ. ನಿನಗೆ ಇವರ ದಾರಿಗಳೆಲ್ಲ ಗೊತ್ತು. ಏನಾಯಿತು ಅಂತ ಒಬ್ಬನಾದರೂ ನಿಜ ಹೇಳುವ ದಾರಿ ಇದೆಯಾ, ಇಲ್ಲವಾ?

ಹೆತ್ತವಳು,
ಸರ್ವಮಂಗಳ


ತುಮಕೂರು
20 ಏಪ್ರಿಲ್ 2025

ಪ್ರೀತಿಯ ಮಂಗಳಾ,

ನಿನ್ನ ಕಾಗದ ತಲುಪಿತು. ಕೋಪ ಸಹಜ.

ಇಲಾಖೆಯ ವಿಚಾರಣೆ ಬೇರೆ, ಮ್ಯಾಜಿಸ್ಟ್ರೇಟರ ವಿಚಾರಣೆ ಬೇರೆ. ಎರಡನೆಯದು ಇನ್ನೂ ಬಾಕಿ ಇದೆ. ಮೇ ಒಂಬತ್ತನೇ ತಾರೀಕು ಕುಣಿಗಲ್‌ನಲ್ಲಿ ಇಟ್ಟಿದ್ದಾರೆ ಅಂತ ತಿಳಿಯಿತು. ನಿನಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬರುತ್ತದೆ. ದಯವಿಟ್ಟು ತೆಗೆದುಕೋ. ರೂಪಶ್ರೀಯನ್ನು ಕರೆದುಕೊಂಡು ಹೋಗು. ನಿನಗೆ ತಿಳಿದದ್ದನ್ನು ನಿಧಾನವಾಗಿ, ಅಳದೆ, ತಾರೀಕು ಸಮೇತ ಹೇಳು. ಕಡತಕ್ಕೆ ಬಾರದ ಮಾತನ್ನು ಯಾರೂ ಆಡಿಲ್ಲ ಅಂತಲೇ ಅವರು ತಿಳಿಯುವುದು. ಆದ್ದರಿಂದ ಮಾತು ಕಡತಕ್ಕೆ ಬರಬೇಕು.

ನಾನು ಹೋಗುವುದರಿಂದ ಪ್ರಯೋಜನವಿಲ್ಲ. ಶವಪಂಚನಾಮೆಯಲ್ಲಿ ಗುರುತಿಸಿದ ಸಂಬಂಧಿಯಾಗಿ ನಾನು ಸಹಿ ಮಾಡಿದ್ದೇನೆ. ನನ್ನ ಹೇಳಿಕೆ ಅಲ್ಲಿಗೆ ಮುಗಿಯಿತು. ನೀನು ತಾಯಿ, ನಿನ್ನ ಮಾತಿಗೆ ತೂಕ ಇದೆ.

ಮಾತ್ರೆ ಬಿಡಬೇಡ.

ನಿನ್ನ ಅಣ್ಣ,
ಶಿವರಾಮಯ್ಯ


ನಿಟ್ಟೂರು
5 ಮೇ 2025

ಅಣ್ಣ,

ನೋಟೀಸು ಬಂತು, ವಾಪಸು ಹೋಯಿತು. ಪೋಸ್ಟ್‌ಮನ್ "ಸಹಿ ಹಾಕಿ ಅಕ್ಕಾ" ಅಂದ. "ನಮ್ಮನೇಲಿ ಸಹಿ ಹಾಕೋದು ನಮ್ಮಣ್ಣನ ಡಿಪಾರ್ಟ್‌ಮೆಂಟು ಕಣಪ್ಪ, ಅವ್ನಿಗೇ ಕೊಡು" ಅಂದೆ.

ಪಂಚಾಯ್ತಿ ಬೋರ್ಡಿಗೂ ಒಂದು ಅಂಟಿಸಿದ್ದಾರೆ. ಕೊಬ್ಬರಿ ಖರೀದಿಯ ಪ್ರಕಟಣೆಗೂ ನಾಯಿಗಳಿಗೆ ಚುಚ್ಚುಮದ್ದಿನ ಪ್ರಕಟಣೆಗೂ ನಡುವೆ ನನ್ನ ಮಗನ ಸಾವು. 'ಸಾರ್ವಜನಿಕರಲ್ಲಿ ಯಾರಿಗಾದರೂ ಮಾಹಿತಿ ಇದ್ದಲ್ಲಿ ಖುದ್ದು ಹಾಜರಾಗಿ ಹೇಳಿಕೆ ನೀಡತಕ್ಕದ್ದು.' ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದಿದ, ಉಳಿದವರು ನಕ್ಕರು. ನನ್ನನ್ನು ಕಂಡು ಲೋಟ ಎತ್ತಿಕೊಂಡರು. ಪಕ್ಕದ ಮನೆಯ ಅಡವಿಯಪ್ಪ ಎದ್ದು ಬಂದ.

"ಹೋಗ್ಬೇಡ ಬುಡು ತಾಯಿ. ಕೇಳೋರೂ ಅವ್ರೇ, ಬರ್ಕೊಳ್ಳೋರೂ ಅವ್ರೇ. ನಾವ್ ಹೋಗಿ ಅವ್ರ ಕುರ್ಚಿ ತುಂಬುಸ್ಬೇಕಾ? ನಮ್ಮೂರಿಂದ ಒಂದ್ ನರಪಿಳ್ಳೆ ಹೋಗಲ್ಲ ನೋಡ್ತಿರು. ಥೂ, ಅವ್ರ ಮಕಕ್ಕಿಷ್ಟು!"

ನನಗೆ ಆ ಮಾತು ಹಿತವಾಯಿತು ಅಣ್ಣ. ಮೂರು ತಿಂಗಳಲ್ಲಿ ಹೊಟ್ಟೆಗೆ ಇಳಿದದ್ದು ಅದೊಂದೇ.

ಚನ್ನೇಶನ ಜೊತೆ ಕೆಲಸಕ್ಕಿದ್ದ ಅಂಜನ್ ಬಂದಿದ್ದ. ಅವನನ್ನೂ ಅವತ್ತು ಒಯ್ದಿದ್ದರಲ್ಲ, ಮಾರನೇ ದಿನ ಬಿಟ್ಟರಲ್ಲ. ಬಾಗಿಲಲ್ಲೇ ನಿಂತು ಹೇಳಿದ: "ನಾನೇನೂ ನೋಡಿಲ್ಲ ಅಮ್ಮಾ. ದಮ್ಮಯ್ಯ, ನನ್ನ ಹೆಸ್ರು ಎಲ್ಲೂ ಹೇಳ್ಬೇಡಿ." ನಾನು ಇನ್ನೂ ಏನೂ ಕೇಳಿರಲಿಲ್ಲ.

ನೀನು ಸರ್ವೀಸಿನಲ್ಲಿದ್ದಾಗ ನಮ್ಮ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ ಕಥೆ ನೆನಪಿದೆಯಾ? ಯಾವುದೋ ತಾಲ್ಲೂಕಿನಲ್ಲಿ ಇಂಥದ್ದೇ ಒಂದು ವಿಚಾರಣೆಗೆ ನೋಟೀಸು ಅಂಟಿಸುವ ಕೆಲಸ ನಿನ್ನದು. ಕಚೇರಿ ಬಾಗಿಲಿನ ಒಳಮೈಗೆ ಅಂಟಿಸಿದೆಯಂತೆ. ಬಾಗಿಲು ತೆರೆದರೆ ನೋಟೀಸು ಗೋಡೆಗೆ ಮುಖ ಮಾಡುತ್ತದೆ, ಮುಚ್ಚಿದರೆ ಕಚೇರಿಯೇ ಮುಚ್ಚಿರುತ್ತದೆ. "ಯಾರೂ ಹಾಜರಾಗಿರುವುದಿಲ್ಲ ಅಂತ ಬರ್ದೆ, ಒಂದೇ ಒಂದ್ ಸುಳ್ಳಿಲ್ಲ ಅದ್ರಲ್ಲಿ!" ಅಂದೆ. ಪಂಕ್ತಿಯೆಲ್ಲ ನಕ್ಕಿತು. ನಾನೂ ಬಡಿಸುತ್ತಾ ನಕ್ಕೆ. ಅವತ್ತು ಸತ್ತವನು ಯಾರು, ಅವನಿಗೆ ತಾಯಿ ಇದ್ದಳಾ ಅಂತ ನಾನು ಕೇಳಲಿಲ್ಲ. ಈಗ ಅದು ನೆನಪಾದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಹೋಗುವುದಿಲ್ಲ. ಬರೆದುಕೊಳ್ಳಲಿ, ಏನು ಬರೆದುಕೊಳ್ಳುತ್ತಾರೋ.

ಸರ್ವಮಂಗಳ


ತುಮಕೂರು
28 ಮೇ 2025

ಮಂಗಳಾ,

ಒಂಬತ್ತನೇ ತಾರೀಕು ನಿಟ್ಟೂರಿನಿಂದ ಯಾರೂ ಹೋಗಲಿಲ್ಲ. ಅಡವಿಯಪ್ಪ ಗೆದ್ದ. ಕಡತದಲ್ಲಿ ಈಗ ಎರಡು ಸಾಲು ಇವೆ ಅಂತ ಪರಿಚಯದವರಿಂದ ತಿಳಿಯಿತು. ಒಂದು, ಮೃತನ ತಾಯಿ ನೋಟೀಸು ಸ್ವೀಕರಿಸಲು ನಿರಾಕರಿಸಿದ್ದಾರೆ. ಎರಡು, ಸಾರ್ವಜನಿಕರಲ್ಲಿ ಯಾರಿಗೂ ಸಾವಿನ ಬಗ್ಗೆ ಸಂಶಯ ಇದ್ದಂತಿಲ್ಲ.

ನಿಮ್ಮ ಊರಿನ ತಿರಸ್ಕಾರದಿಂದ ಅವರಿಗೆ ನೋವಾಗುವುದಿಲ್ಲ ಕಣಮ್ಮ, ಅನುಕೂಲವಾಗುತ್ತದೆ. ನಾನು ಆ ಕುರ್ಚಿಯಲ್ಲಿ ಕೂತವನು, ನನಗೆ ಗೊತ್ತು. ಒಬ್ಬ ಹೆಂಗಸು ಬಂದು ಅತ್ತರೆ ಎರಡು ಪುಟ ಬರೆಯಬೇಕಾಗುತ್ತದೆ. ಯಾರೂ ಬರದಿದ್ದರೆ ಮಧ್ಯಾಹ್ನವೇ ಮನೆಗೆ ಹೋಗಬಹುದು.

ಇನ್ನೊಂದು ತಾರೀಕು ಕೊಡಿಸಲು ಗುಬ್ಬಿಯ ದಾಸಯ್ಯ ವಕೀಲರಿಗೆ ಹೇಳಿದ್ದೇನೆ. ಈ ಸಲ ಹಟ ಬಿಡು.

ಅಣ್ಣ


ನಿಟ್ಟೂರು
19 ಜೂನ್ 2025

ಅಣ್ಣ,

ರೂಪಶ್ರೀ ಬಂದಿದ್ದಳು. ಮಣ್ಣು ಮಾಡಿದ ದಿನ ಅಳಿಯಂದಿರು ಫೋನಿನಲ್ಲಿ ವಿಡಿಯೋ ಹಿಡಿದಿದ್ದರಂತೆ. ನನಗೆ ಇಷ್ಟು ದಿನ ತೋರಿಸಿರಲಿಲ್ಲ. ನಾನೇ ಕೇಳಿ ಹಾಕಿಸಿಕೊಂಡು ನೋಡಿದೆ.

ಮೀಸುವಾಗ ನನ್ನನ್ನು ಒಳಗೆ ಕೂಡಿಹಾಕಿದ್ದಿರಿ. ಹೊರಗೆ ಕರೆದಾಗ ನನ್ನ ಮಗ ಲಿಂಗಪೂಜೆಗೆ ಕೂತವನ ಹಾಗೆ ಕಾಲು ಮಡಿಸಿ ಕೂತಿದ್ದ. ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಗೆರೆ, ಸರಿಯಾಗಿಯೇ ಇತ್ತು. ವಿಡಿಯೋದಲ್ಲಿ ಕಾಲೂ ಕಾಣುತ್ತದೆ. ಎರಡು ಅಂಗಾಲಿಗೂ ವಿಭೂತಿ, ಗೋಡೆಗೆ ಸುಣ್ಣ ಮೆತ್ತಿದ ಹಾಗೆ.

ನನಗೆ ಐವತ್ತೆರಡು ವರ್ಷ. ನಮ್ಮಲ್ಲಿ ಎಷ್ಟೋ ಜನರನ್ನು ಕೂರಿಸಿ ಕಳಿಸಿದ್ದನ್ನು ನೋಡಿದ್ದೇನೆ. ಅಂಗಾಲಿಗೆ ಯಾರು ವಿಭೂತಿ ಬಳಿಯುತ್ತಾರೆ ಅಣ್ಣ?

ಮಠದ ಅಯ್ಯನವರ ಹತ್ತಿರ ಹೋಗಿ ಕೇಳಿದೆ. ತಲೆ ತಗ್ಗಿಸಿಕೊಂಡು ಹೇಳಿದರು: "ನಾ ಬಳ್ದಿಲ್ಲ ಕಣವ್ವ. ನಾ ಬರೋ ಹೊತ್ಗೆ ಬಳ್ದಾಗಿತ್ತು. ನಿಮ್ಮಣ್ಣಾರು ವಿಭೂತಿ ಬಟ್ಲು ಹಿಡ್ದು ಕೂತಿದ್ರು. ಸೋದರಮಾವ, ಸಂಕಟಕ್ಕೆ ಏನೋ ಮಾಡ್ತಾವ್ರೆ ಅಂತ ಸುಮ್ಕಾದೆ."

ಹೊತ್ತು ಮುಳುಗುವುದರೊಳಗೆ ಮುಗಿಸಬೇಕು ಅಂತ ಎಲ್ಲರನ್ನೂ ಅವಸರಪಡಿಸಿದವನೂ ನೀನೇ.

ಏನಿತ್ತು ಅಲ್ಲಿ?

ಸರ್ವಮಂಗಳ


ನಿಟ್ಟೂರು
21 ಜುಲೈ 2025

ಒಂದು ತಿಂಗಳಾಯಿತು. ನನ್ನ ಕಾಗದವನ್ನೂ ಬಾಗಿಲಿನ ಒಳಮೈಗೆ ಅಂಟಿಸಿದೆಯಾ?

ಸರ್ವಮಂಗಳ


ತುಮಕೂರು
3 ಆಗಸ್ಟ್ 2025

ಮಂಗಳಾ,

ಏಳು ಸಲ ಬರೆದು ಹರಿದೆ. ಇದನ್ನು ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ.

ಆಸ್ಪತ್ರೆಯ ಶವಾಗಾರದಲ್ಲಿ ಮಗುವಿನ ಕುತ್ತಿಗೆಯಿಂದ ಕೆಳಗೆ ಬಿಳಿ ಬಟ್ಟೆ ಮುಚ್ಚಿತ್ತು. ಮುಖ ತೋರಿಸಿದರು, ಗುರುತಿಸಿದೆ. ಫಾರಂ ನಾನು ಹೋಗುವ ಮೊದಲೇ ತುಂಬಿತ್ತು. 'ಮೈಮೇಲೆ ಮೇಲ್ನೋಟಕ್ಕೆ ಯಾವುದೇ ಗಾಯಗಳು ಕಂಡುಬರುವುದಿಲ್ಲ.' ಅಲ್ಲಿದ್ದ ಒಬ್ಬರು ನನ್ನ ಭುಜದ ಮೇಲೆ ಕೈ ಇಟ್ಟು "ನೀವೂ ನಮ್ಮೋರೇ ಸಾರ್, ನಿಮಗೆ ನಾವು ಹೇಳ್ಕೊಡ್ಬೇಕಾ? ಬೇಗ ಮುಗುದ್ರೆ ಬಾಡಿ ಬೇಗ ಸಿಗುತ್ತೆ" ಅಂದರು. ನನಗೆ ಹೆಮ್ಮೆಯಾಯಿತು. ತಂಗಿಯ ಮಗ ಸತ್ತು ಮಲಗಿರುವಾಗ, ಇಲಾಖೆಯವರು ನನ್ನನ್ನು ತಮ್ಮವನು ಅಂದರಲ್ಲ ಅಂತ ಹೆಮ್ಮೆಯಾಯಿತು. ಬಟ್ಟೆ ಎತ್ತಿ ಅಂತ ನಾನು ಕೇಳಲಿಲ್ಲ. ನನ್ನ ಸರ್ವೀಸಿನಲ್ಲಿ ಸಾಕ್ಷಿ ಸಹಿಗೆ ಬಂದ ಯಾವ ಪಂಚನೂ ಬಟ್ಟೆ ಎತ್ತಿ ಅಂತ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೇಳಿದ್ದರೆ ನಾನೇ ಅವನನ್ನು ಬೈಯುತ್ತಿದ್ದೆ. ಸಹಿ ಹಾಕಿದೆ.

ಊರಿಗೆ ಬಂದ ಮೇಲೆ ಮೀಸಿ, ಕಾಲು ಮಡಿಸಿ ಕೂರಿಸುವ ಕೆಲಸ ಸೋದರಮಾವ ಅಂತ ನನ್ನ ಪಾಲಿಗೆ ಬಂತು. ಬಟ್ಟೆ ಸರಿಸಿದೆ. ಅಂಗಾಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು ಮಂಗಳಾ. ಎಡಗಾಲು ಒಡೆದಿತ್ತು. ಬಲಗಾಲು ಮಡಿಸಲು ಹಿಡಿದಾಗ, ಗಿಣ್ಣಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಮೂಳೆ ನನ್ನ ಕೈಯೊಳಗೆ ಅಲುಗಾಡಿತು. ಕೀಲು ಇಲ್ಲದ ಜಾಗದಲ್ಲಿ ಕಾಲು ಬಾಗಿತು.

ಆಗ ಒಳಗಿನಿಂದ ನಿನ್ನ ಕೂಗು ಕೇಳಿಸಿತು. "ಬುಡ್ರೋ ನನ್ನ, ನನ್ ಮಗನ್ನ ಒಂದ್ ಸಲ ಮುಟ್ಬೇಕು." ನೀನು ಬರುವುದರೊಳಗೆ ವಿಭೂತಿ ಕಲಸಿ ಬಳಿದೆ. ನಿನ್ನ ಕಣ್ಣಿಗೆ ಬೀಳಬಾರದು, ನೀನು ತಡೆದುಕೊಳ್ಳಲಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಅಷ್ಟು ಹೊತ್ತಿಗೆ ನನ್ನ ಸಹಿ ಬಿದ್ದು ಮೂರು ಗಂಟೆಯಾಗಿತ್ತು ಅನ್ನುವುದು ಇನ್ನರ್ಧ. ಕೂಗಿ ಎಲ್ಲರನ್ನೂ ಕರೆದು ತೋರಿಸಿದ್ದರೆ ಅವತ್ತೇ ಊರೆಲ್ಲ ಸಾಕ್ಷಿ ಆಗುತ್ತಿತ್ತು. ಆದರೆ ನಾನು ಸುಳ್ಳುಗಾರ ಆಗುತ್ತಿದ್ದೆ.

ನಿನ್ನನ್ನು ವಿಚಾರಣೆಗೆ ಹೋಗು ಹೋಗು ಅಂತ ದೂಡಿದ್ದು ಯಾಕೆ ಅಂತ ಈಗ ನಿನಗೆ ತಿಳಿದಿರಬೇಕು. ನೀನೇ ಏನಾದರೂ ಹೇಳಿ ದಕ್ಕಿಸಿಕೊಂಡರೆ ನಾನು ಹೇಳುವುದು ತಪ್ಪುತ್ತದೆ ಅಂತ.

ಶಿವರಾಮಯ್ಯ


ನಿಟ್ಟೂರು
9 ಆಗಸ್ಟ್ 2025

ಶಿವರಾಮಯ್ಯನವರಿಗೆ,

ತಾವು ಬರೆದ ಕಾಗದ ತಲುಪಿದೆ. ಗುಬ್ಬಿಗೆ ಹೋಗಿ ಅದರ ನಾಲ್ಕು ಜೆರಾಕ್ಸ್ ಮಾಡಿಸಿದ್ದೇನೆ. ಒಂದು ದಾಸಯ್ಯ ವಕೀಲರ ಹತ್ತಿರ ಇದೆ.

ಸೆಪ್ಟೆಂಬರ್ ಹನ್ನೊಂದಕ್ಕೆ ಕುಣಿಗಲ್‌ನಲ್ಲಿ ಮತ್ತೆ ತಾರೀಕು ಕೊಟ್ಟಿದ್ದಾರೆ. ಈ ಸಲ ನೋಟೀಸು ತೆಗೆದುಕೊಂಡಿದ್ದೇನೆ. ಓದಿ ಸಹಿ ಹಾಕಿದ್ದೇನೆ. ತಾವು ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಖುದ್ದು ಹಾಜರಾಗಿ, ನನಗೆ ಬರೆದದ್ದನ್ನು ಅವರ ಮುಂದೆ ಹೇಳತಕ್ಕದ್ದು. ತಪ್ಪಿದಲ್ಲಿ ನನಗೆ ಅಣ್ಣ ಇರುವುದಿಲ್ಲ.

ಸರ್ವಮಂಗಳಮ್ಮ
ಮೃತನ ತಾಯಿ


ತುಮಕೂರು
13 ಸೆಪ್ಟೆಂಬರ್ 2025

ಮಂಗಳಾ,

ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ನಾನು ಹೊರಗೆ ಬಂದಾಗ ನೀನು ನನ್ನ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅದಕ್ಕೆ ಒಳಗೆ ನಡೆದದ್ದನ್ನು ಬರೆಯುತ್ತಿದ್ದೇನೆ.

ಅಂಗಾಲಿನ ವಿಷಯ, ಮೂಳೆಯ ವಿಷಯ, ವಿಭೂತಿಯ ವಿಷಯ ಎಲ್ಲ ಹೇಳಿದೆ. ಅಧಿಕಾರಿಗಳು ಪಂಚನಾಮೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ನಿಮ್ಮ ಸಹಿನಾ?"

"ಹೌದು ಸಾರ್."

"ಹಾಗಾದ್ರೆ ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದೀರಾ?"

"ಅವತ್ತು ಸಾರ್."

"ಮೂವತ್ತಾರು ವರ್ಷ ಸರ್ವೀಸ್ ಮಾಡಿದೋರು ಓದ್ದೆ ಸಹಿ ಹಾಕಿದ್ರಾ?"

"ಓದಿದ್ದೆ ಸಾರ್. ನೋಡಿರ್ಲಿಲ್ಲ."

ಅವರು ನಕ್ಕರು. ಬೆರಳಚ್ಚಿನವನೂ ನಕ್ಕ. ನಾನು ನಿಮ್ಮ ಮನೆಯ ಪಂಕ್ತಿಯಲ್ಲಿ ನಗಿಸುತ್ತಿದ್ದೆನಲ್ಲ, ಅದೇ ನಗು. "ಸಹಿ ಹಾಕಿ ಹೊರಡಿ ಸಾರ್, ಕಾಪಿ ಆಮೇಲ್ ಕೊಡ್ತೀವಿ" ಅಂದ ಬೆರಳಚ್ಚಿನವನು. ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಓದದೆ ಹಾಕುವುದಿಲ್ಲ ಅಂದೆ. ಕಾಯಿಸಿದರು, ಕಾದೆ. ಮೂರು ಗಂಟೆ ಆದ ಮೇಲೆ ಹಾಳೆ ಕೈಗೆ ಬಂತು. 'ಕಾಲಿನಲ್ಲಿ ಸ್ವಲ್ಪ ಊತ ಇದ್ದಂತೆ ನೆನಪು' ಅಂತ ಟೈಪ್ ಮಾಡಿದ್ದರು. ಅದನ್ನು ಗೀಟು ಹಾಕಿ ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಕೈಯಲ್ಲೇ ಬರೆದೆ: ಬಲಗಾಲಿನ ಗಿಣ್ಣಿನ ಮೇಲೆ ಎರಡು ಬೆರಳು ಎತ್ತರದಲ್ಲಿ ಮೂಳೆ ಮುರಿದಿತ್ತು. ಆಮೇಲೆ ಸಹಿ ಹಾಕಿದೆ.

ಅಂಜನ್‌ನನ್ನೂ ಕರೆಸಿದ್ದರು. ಏನೂ ನೋಡಿಲ್ಲ ಅಂತ ಬರೆಸಿ ಹೋದ. ಅವನನ್ನು ಬೈಯಬೇಡ. ಅವನಿಗೆ ಹೆದರಿಕೆ ಇದೆ, ನನಗೆ ಅವತ್ತು ಅದೂ ಇರಲಿಲ್ಲ.

ಶಿವರಾಮಯ್ಯ


ನಿಟ್ಟೂರು
24 ನವೆಂಬರ್ 2025

ಅಣ್ಣ,

ವರದಿ ಹೋದ ತಿಂಗಳೇ ಬಂತು. ದಾಸಯ್ಯ ವಕೀಲರು ಗುಬ್ಬಿಗೆ ಕರೆಸಿ ಕೊಟ್ಟರು. ಮೂವತ್ತೊಂದು ಪುಟ. ಎದೆನೋವು ಹಾಗೇ ಇದೆ, ಬಚ್ಚಲು ಹಾಗೇ ಇದೆ. ಕ್ಯಾಮೆರಾದ ವೈರನ್ನು ಮಾತ್ರ ಈ ಸಲ ಇಲಿ ಕಡಿದಿತ್ತಂತೆ. ಇಲಿಯ ಹೇಳಿಕೆ ಪಡೆದಂತೆ ಕಾಣಲಿಲ್ಲ. ಠಾಣೆಯ ಹನ್ನೊಂದು ಜನ ಸಾಕ್ಷಿ ಹೇಳಿದ್ದಾರೆ, ಹನ್ನೊಂದು ಜನಕ್ಕೂ ಒಂದೇ ವಾಕ್ಯ, ಒಂದೇ ಕಡೆ ಕಾಗುಣಿತ ತಪ್ಪಿದೆ. ನನ್ನ ಅಂಗನವಾಡಿಯ ಮಕ್ಕಳೂ ಹೀಗೆ ನಕಲು ಹೊಡೆಯುವುದಿಲ್ಲ.

ಇಪ್ಪತ್ತೇಳನೇ ಪುಟದಲ್ಲಿ ನೀನಿದ್ದೀಯ. 'ಸಾಕ್ಷಿ ಶಿವರಾಮಯ್ಯ ನಂಬಿಕೆಗೆ ಅರ್ಹರಲ್ಲ.' ಮೂವತ್ತೊಂದು ಪುಟದಲ್ಲಿ ಅದೊಂದು ಸಾಲು ನಿಜ ಬರೆದಿದ್ದಾರೆ ಅಂತ ವಕೀಲರ ಮುಂದೆಯೇ ಅಂದೆ. ಅವರು ಮುಂದಿನ ಪುಟ ತಿರುವಿದರು.

ಆದರೆ ನೀನು ಕೈಯಲ್ಲಿ ಬರೆದ ಸಾಲನ್ನು ತೆಗೆಯಲು ಅವರಿಗೆ ಆಗಿಲ್ಲ. ಕಾಪಿಯಲ್ಲಿ ಹಾಗೇ ಬಂದಿದೆ. ವಕೀಲರು ಅದೊಂದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋದರು. ಸುಟ್ಟಿದ್ದರೆ ಏನೂ ಇರುತ್ತಿರಲಿಲ್ಲ, ನಾವು ಕೂರಿಸಿ ಮಣ್ಣು ಮಾಡುವವರು, ಅವನು ಇನ್ನೂ ಅಲ್ಲೇ ಕೂತಿದ್ದಾನೆ. ಸಮಾಧಿ ತೆಗೆಸಿ, ಬೇರೆ ಜಿಲ್ಲೆಯ ಡಾಕ್ಟರಿಂದ ಮತ್ತೆ ನೋಡಿಸಿ ಅಂತ ಆದೇಶ ಆಗಿದೆ. ಡಿಸೆಂಬರ್ ಎರಡು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಚರ್ಮ ಉಳಿದಿರುವುದಿಲ್ಲವಂತೆ. ಮೂಳೆ ಇರುತ್ತದಂತೆ.

ಅಯ್ಯನವರು ಮನೆಗೇ ಬಂದಿದ್ದರು. "ಐಕ್ಯ ಆದೋನ್ನ ಎಬ್ಬಿಸ್ಬಾರ್ದು ಕಣವ್ವ, ಮಹಾಪಾಪ" ಅಂದರು. "ಪಾಪ ಮಾಡ್ದೋರೆಲ್ಲ ಪ್ರಮೋಷನ್ ತಗೊಂಡು ಚೆನ್ನಾಗವ್ರೆ ಅಯ್ನೋರೇ, ನಂದೂ ಒಂದ್ ಇರ್ಲಿ ಬುಡಿ" ಅಂದೆ. ಅವರು ಹೋದ ಮೇಲೆ ತುಂಬಾ ಅತ್ತೆ. ಒಂಬತ್ತು ತಿಂಗಳು ಬೈದುಕೊಂಡೇ ಇದ್ದೆ, ಅಳಲು ಪುರುಸೊತ್ತಾಗಿರಲಿಲ್ಲ.

ಈ ಡಾಕ್ಟರ ಮೇಲೆ ನನಗೆ ನಂಬಿಕೆ ಇದೆಯಾ? ಇಲ್ಲ. ಕೋರ್ಟಿನ ಮೇಲೆ? ಅದೂ ಇಲ್ಲ. ಅಡವಿಯಪ್ಪ "ಮತ್ತ್ಯಾಕ್ ತಾಯಿ ಇದೆಲ್ಲ?" ಅಂದ. ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ನೀನು ನೋಡಿದ್ದೀಯ, ಹೊಡೆದವರು ನೋಡಿದ್ದಾರೆ. ಹೆತ್ತ ನಾನೊಬ್ಬಳು ನೋಡಿಲ್ಲ.

ಸಮಾಧಿ ತೆಗೆಯುವಾಗಲೂ ಪಂಚನಾಮೆ ಮಾಡುತ್ತಾರಂತೆ. ಮನೆಯವರ ಕಡೆಯಿಂದ ಒಬ್ಬ ಪಂಚ ಬೇಕು, ಹೆಸರು ಕೊಡಿ ಅಂದರು. ನಿನ್ನ ಹೆಸರು ಕೊಟ್ಟಿದ್ದೇನೆ. ಕ್ಷಮಿಸಿದ್ದೇನೆ ಅಂದುಕೊಂಡು ಬರಬೇಡ. ಎಷ್ಟು ಬೆರಳು ಎತ್ತರ ಅಂತ ಕೈಯಲ್ಲಿ ಹಿಡಿದು ಗೊತ್ತಿರುವುದು ನಿನ್ನೊಬ್ಬನಿಗೇ, ಅದಕ್ಕೆ ಬಾ. ಬಂದು ಕಾಲಿನ ಹತ್ತಿರ ನಿಂತುಕೋ. ಯಾರು ಎಷ್ಟು ಅವಸರ ಮಾಡಿದರೂ ಪೆನ್ನು ಮುಟ್ಟಬೇಡ.

ಮೊದಲು ನಾನು ನೋಡುತ್ತೇನೆ. ಆಮೇಲೆ ನೀನು ಸಹಿ ಹಾಕು.

ನಿನ್ನ ತಂಗಿ,
ಮಂಗಳ